ಕೆರೆಯ ಮಾದರಿಯೂ ಯಂತ್ರವಿದ್ಯೆಯೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳ ತರುಣರು ಇಂಜಿನಿಯರಿಂಗ್ ಪದವಿ ಪಡೆದು, ವಿಮಾನ, ಉಪಗ್ರಹ, ಮೋಟಾರುಗಳ ಕಾರಖಾನೆಗಳಲ್ಲಿ ಉದ್ಯೋಗವನ್ನರಸಿ ಬೆಂಗಳೂರಿಗೆ ಹೋಗುವದು ಹೊಸ ಸಂಗತಿಯಲ್ಲ. ಅಲ್ಲಿ ಅವರಿಗೆ ಹಾಕುವ ಪ್ರಶ್ನೆಗಳಲ್ಲಿ ಮಾತ್ರ ಹೊಸದೊಂದು ಸೇರಿಕೊಂಡಿದೆ: ಸಿಸ್‌ಎಂಎಲ್ ಬರುತ್ತದೆಯೇ? ಈ ಪ್ರಶ್ನೆಗೆ ಅಂಜಿದ ಹುಡುಗನು, ತಂದೆಯು ಗೋವಿನಜೋಳ ಮಾರಿ ಕೂಡಿಸಿದ ಹಣವನ್ನು ಕೆಲವು ವಾರಗಳ ತರಬೇತಿಗೆ ಸುರಿದು, ಒಂದು ಪ್ರಮಾಣಪತ್ರವನ್ನು ಹಿಡಿದುಕೊಂಡು ಬರುತ್ತಾನೆ. ಕಲಿತದ್ದೇನೆಂದು ಕೇಳಿದರೆ ಗಣಕಯಂತ್ರದ ಮೇಲೆ ಚೌಕಗಳನ್ನೂ ಗೆರೆಗಳನ್ನೂ ಎಳೆಯುವದನ್ನು ತೋರಿಸುತ್ತಾನೆ. ಇದು ವಿದ್ಯೆಯಾಯಿತೇ ಎಂಬದು ಪಾಲಕರೂ ಅಧಿಕಾರಿಗಳೂ ವಿಚಾರಿಸತಕ್ಕ ಮಾತಾಗಿದೆ.

ಈ ಶಾಸ್ತ್ರಕ್ಕೆ ‘ಮಾದರಿಯನ್ನಾಧರಿಸಿದ ವ್ಯವಸ್ಥಾ ಇಂಜಿನಿಯರಿಂಗ್’ ಎನ್ನಬಹುದು. ಹೆಸರು ಉದ್ದವಾದರೂ ತಾತ್ಪರ್ಯವು ಸರಳವಾಗಿದೆ. ದೊಡ್ಡದೊಂದು ಯೋಜನೆಯನ್ನು ಅನೇಕರು ಕೂಡಿ ಕಟ್ಟುವಾಗ ಹತ್ತು ಕಡತಗಳಲ್ಲಿ ಹತ್ತು ಬಗೆಯಾಗಿ ಬರೆದಿಡದೆ, ಎಲ್ಲರೂ ನೋಡತಕ್ಕ ಒಂದೇ ಮಾದರಿಯನ್ನು ಇಡುವದು. ಒಂದೆಡೆ ಮಾಡಿದ ಬದಲಾವಣೆಯು ಎಲ್ಲೆಲ್ಲಿ ತಟ್ಟುವದೆಂಬದನ್ನು ಅದರಿಂದಲೇ ಕಂಡುಕೊಳ್ಳುವದು. ಆ ಮಾದರಿಯನ್ನು ಬರೆಯುವ ಚಿತ್ರಭಾಷೆಯೇ ಸಿಸ್‌ಎಂಎಲ್. ‘ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್’ ಎಂಬ ಸಂಸ್ಥೆಯು ಇದರ ಮೊದಲನೆಯ ಆವೃತ್ತಿಯನ್ನು 2007ರಲ್ಲಿ ಪ್ರಕಟಿಸಿತು. ಎರಡನೆಯದಕ್ಕೆ 2025ರಲ್ಲಿ ಸಮ್ಮತಿಯಿತ್ತಿತು. ಮೊದಲಿನದರಲ್ಲಿ ಒಂಬತ್ತು ಬಗೆಯ ಚಿತ್ರಗಳಿದ್ದವು. ಹೊಸದರಲ್ಲಿ ಚಿತ್ರಕ್ಕೆ ಸರಿಯಾದ ಬರವಣಿಗೆಯ ರೂಪವೂ ಉಂಟು.

ಇದರ ಅವಶ್ಯಕತೆಯೇನೆಂದು ಕೇಳುವವರಿಗೆ ಒಂದೇ ನಿದರ್ಶನ ಸಾಕು. ಅಮೇರಿಕೆಯವರು ಮಂಗಳಗ್ರಹಕ್ಕೆ ಕಳಿಸಿದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯು 1999ರ ಸಪ್ಟೆಂಬರದಲ್ಲಿ ನಷ್ಟವಾಯಿತು. ಒಂದು ಪಂಗಡದವರ ಲೆಕ್ಕವು ಪೌಂಡಿನ ಮಾನದಲ್ಲಿತ್ತು. ಅದನ್ನು ಸ್ವೀಕರಿಸಿದವರು ನ್ಯೂಟನ್ನಿನ ಮಾನವೆಂದು ತಿಳಿದರು. ಲೆಕ್ಕದಲ್ಲಿ ಯಾರೂ ತಪ್ಪಲಿಲ್ಲ. ಎರಡು ಲೆಕ್ಕಗಳು ಕೂಡುವ ಸಂದಿನಲ್ಲಿ ನೌಕೆ ಹೋಯಿತು. ನಮ್ಮ ಸೀಮೆಯಲ್ಲಿ ಇಂಥ ಸಂದುಗಳಿಗೆ ಬರಗಾಲವಿಲ್ಲ. ನೀರಾವರಿಯವರು ನೀರನ್ನು ಕ್ಯೂಸೆಕ್ಕಿನಲ್ಲಿ ಎಣಿಸುತ್ತಾರೆ, ಕುಡಿಯುವ ನೀರಿನವರು ಲೀಟರಿನಲ್ಲಿ, ಕೊಳವೆ ಬಾವಿ ತೋಡಿಸಿದ ರೈತನು ಇಂಚಿನಲ್ಲಿ. ಒಂದು ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಸುಮಾರು 24 ಲಕ್ಷ ಲೀಟರಾಗುವದೆಂಬದು ಮೂವರೂ ಕೂತ ಸಭೆಯಲ್ಲಿ ಎಷ್ಟು ಜನರಿಗೆ ಗೊತ್ತಿರುತ್ತದೆ?

ಆದುದರಿಂದ ಈ ವಿದ್ಯೆಯನ್ನು ಕಲಿಯುವವನು ಪರದೇಶದ ಪುಸ್ತಕದಲ್ಲಿಯ ಮೋಟಾರು ಗಾಡಿಯ ಉದಾಹರಣೆಯಿಂದ ಆರಂಭಿಸಬೇಕಾದುದಿಲ್ಲ, ತನ್ನೂರ ಕೆರೆಯಿಂದ ಆರಂಭಿಸಬೇಕೆಂದು ನಾವು ಹೇಳುತ್ತೇವೆ. ಕೆರೆಯೆಂದರೆ ಏರಿ, ತೂಬು, ಕೋಡಿ, ಕಾಲುವೆ ಇವು ಬೇರೆಬೇರೆಯಾಗಿರುವ ವಸ್ತುಗಳಲ್ಲ. ಏರಿಯು ಎಷ್ಟು ಬಲವಾಗಿದ್ದರೂ ಕೋಡಿಯು ಸಾಲದಿದ್ದರೆ ಕೆರೆ ಉಳಿಯುವದಿಲ್ಲ. ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ-ಮಾಸೂರಿನ ಮಹಾಕೆರೆಯು ಒಡೆದುಹೋಗಿ, ಇಂದು ಅದರ ಜಾಗದಲ್ಲಿ ಸಣ್ಣದೊಂದು ಕೆರೆಯಿರುವದನ್ನು ನೋಡಿದವರಿಗೆ ಈ ಮಾತನ್ನು ವಿಸ್ತರಿಸಬೇಕಾಗಿಲ್ಲ. ಇನ್ನು ಧರ್ಮಾ ಜಲಾಶಯವಿರುವದು ಉತ್ತರ ಕನ್ನಡದ ಮುಂಡಗೋಡ ತಾಲೂಕಿನಲ್ಲಿ. ಅದರ ನೀರನ್ನು ನಂಬಿದ ಗದ್ದೆಗಳಿರುವದು ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿ. ವರದೆಯ ನೀರನ್ನೆತ್ತಿ ಶಿಗ್ಗಾಂವಿ, ಸವಣೂರುಗಳ ಹೊಲಗಳಿಗೆ ಮುಟ್ಟಿಸುವ ಏತ ನೀರಾವರಿಯಲ್ಲಿ ಪಂಪು, ಕೊಳವೆ, ವಿದ್ಯುತ್ತು, ನದಿಯ ಹರಿವು ಇವುಗಳಲ್ಲಿ ಒಂದು ಕೈಕೊಟ್ಟರೂ ಉಳಿದವು ನಿಷ್ಪ್ರಯೋಜಕ. ವ್ಯವಸ್ಥೆಯೆಂಬ ಶಬ್ದದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠವು ತಿಳಿಸೀತು?

ವಿದ್ಯಾರ್ಥಿಯು ಮೊದಲು ಅಪೇಕ್ಷೆಗಳನ್ನು ಬರೆಯಲಿ. ‘ಕೊನೆಯ ಹೊಲಕ್ಕೂ ನೀರು ಮುಟ್ಟಬೇಕು’ ಎಂಬದು ಭಾಷಣಕ್ಕೆ ಸಾಕು, ಇಂಜಿನಿಯರನಿಗೆ ಸಾಲದು. ಯಾವ ತಿಂಗಳಲ್ಲಿ, ಎಷ್ಟು ದಿನಕ್ಕೊಮ್ಮೆ, ಎಷ್ಟು ನೀರು? ಮುಟ್ಟಿತೆಂಬದನ್ನು ಯಾರು, ಎಲ್ಲಿ ನಿಂತು, ಹೇಗೆ ಅಳೆಯಬೇಕು? ಈ ಅಪೇಕ್ಷೆಯನ್ನು ಪೂರೈಸುವ ಭಾಗವು ತೂಬೋ ಕಾಲುವೆಯೋ? ಸಿಸ್‌ಎಂಎಲ್ಲಿನಲ್ಲಿ ಅಪೇಕ್ಷೆಯಿಂದ ಭಾಗಕ್ಕೆ, ಭಾಗದಿಂದ ಪರೀಕ್ಷೆಗೆ ಗೆರೆ ಎಳೆಯುವ ಕಟ್ಟಳೆಯಿರುವದು ಇದಕ್ಕಾಗಿಯೇ. ಗೆರೆ ಸೇರದ ಅಪೇಕ್ಷೆಯು ಯಾರ ಹೊಣೆಯೂ ಆಗದೆ ಉಳಿದ ಅಪೇಕ್ಷೆಯೆಂದು ಕೂಡಲೇ ಕಣ್ಣಿಗೆ ಬೀಳುತ್ತದೆ. ಅನಂತರ ಭಾಗಗಳ ಚಿತ್ರ, ಅವುಗಳೊಳಗೆ ನೀರು ಹರಿಯುವ ಚಿತ್ರ; ತೂಬು ಮುಚ್ಚಿದ, ಅರೆತೆರೆದ, ಪೂರ್ಣ ತೆರೆದ ಸ್ಥಿತಿಗಳ ಚಿತ್ರ; ಕಡೆಗೆ, ಬಂದ ನೀರು, ಹೋದ ನೀರು, ನಿಂತ ನೀರು ಇವುಗಳ ಗಣಿತಸಂಬಂಧ. ಒಂಬತ್ತೂ ಚಿತ್ರಗಳನ್ನು ಒಮ್ಮೆಲೇ ಕಲಿಯಹೋಗುವದು ವ್ಯರ್ಥ. ಚಿಹ್ನೆಗಳನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಕೇಳತಕ್ಕ ಪ್ರಶ್ನೆಯನ್ನು ಕೇಳಲು ಕಲಿಯುವದಕ್ಕೆ ವರ್ಷಗಳು ಬೇಕು. ಸುಳ್ಳು ಅಂಕಿ ತುಂಬಿದ ಮಾದರಿಯು ಚೆಂದವಾದಷ್ಟೂ ಅಪಾಯಕರವೆಂಬದನ್ನೂ ಅಧ್ಯಾಪಕರು ಮರೆಯದೆ ಹೇಳಬೇಕು.

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಭಾಷೆಯ ನಿಯಮಗ್ರಂಥವು ಬಿಟ್ಟಿಯಾಗಿ ದೊರೆಯುತ್ತದೆ; ಎಕ್ಲಿಪ್ಸ್ ಪಪೈರಸ್‌ನಂಥ ತಂತ್ರಾಂಶಕ್ಕೂ ಬೆಲೆಯಿಲ್ಲ. ಚಿತ್ರದಲ್ಲಿಯ ಭಾಗಗಳ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬೇಕೆಂಬದು ನಮ್ಮ ಆಗ್ರಹ. ಇದು ಬರಿಯ ಅಭಿಮಾನದ ಮಾತಲ್ಲ. ಕೆರೆಯ ಅಪೇಕ್ಷೆಗಳನ್ನು ಹೇಳಬೇಕಾದವನು ರೈತನು; ಬರೆದುಕೊಂಡದ್ದು ಸರಿಯೋ ತಪ್ಪೋ ಎಂದು ಓದಿ ನೋಡಬೇಕಾದವನೂ ಅವನೇ. ಅವನಿಗೆ ತಿಳಿಯದ ಮಾದರಿಯು ಯಾರಿಗೆ ಸಾಮಾನ್ಯವಾಯಿತು?

ಹಾವೇರಿಯ ಹತ್ತಿರ ದೇವಗಿರಿಯಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ನಾಲ್ಕು ಸೀಮೆಗಳಿಂದ ಒಂದೊಂದು ಕೆರೆಯನ್ನು ಆರಿಸಿಕೊಳ್ಳಲಿ. ನೀರಾವರಿ ಕಚೇರಿಯವರು ಆ ಕೆರೆಗಳ ನಕ್ಷೆ, ಅಳತೆ, ಹಿಂದಿನ ದುರಸ್ತಿಯ ದಾಖಲೆಗಳನ್ನು ಹುಡುಗರ ಕೈಗೆ ಕೊಡಲಿ. ಕಡತ ಸಿಕ್ಕಲಿಲ್ಲವೆಂಬ ಹಳೆಯ ಉತ್ತರವನ್ನು ಈ ಸಲ ಬಿಡಲಿ. ಮುಂಗಾರಿಗೆ ಮುಂಚೆ ಮಾದರಿಯು ಸಿದ್ಧವಾದರೆ, ಕೋಡಿ ಬೀಳುವ ದಿನವನ್ನು ಅದು ಸರಿಯಾಗಿ ಹೇಳಿತೋ ಇಲ್ಲವೋ ಎಂಬದನ್ನು ಏರಿಯ ಮೇಲೆ ನಿಂತೇ ನೋಡಬಹುದು.