ದತ್ತಿಗೆ ಇನ್ನೊಂದು ವಿಷಯ

ಹೊರನಾಡಿನ ಕನ್ನಡ ಸಂಘಗಳಲ್ಲಿ ಓಡಾಡಿದವರಿಗೆ ದತ್ತಿ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ತಂದೆಯೋ ತಾಯಿಯೋ ತೀರಿಕೊಂಡ ಮೇಲೆ ಮಕ್ಕಳು ಒಂದು ಮೊತ್ತವನ್ನು ಸಂಘದ ಹೆಸರಿನಲ್ಲಿ ಠೇವಣಿ ಇಡುತ್ತಾರೆ. ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಕುಮಾರವ್ಯಾಸನ ಕುರಿತೋ ವಚನಗಳ ಕುರಿತೋ ಒಬ್ಬ ವಿದ್ವಾಂಸರು ಮಾತನಾಡುತ್ತಾರೆ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತೇವೆ. ಸಭಿಕರ ಸಂಖ್ಯೆ ನಲವತ್ತನ್ನು ದಾಟಿದರೆ ಕಾರ್ಯದರ್ಶಿಗಳ ಮುಖ ಅರಳುತ್ತದೆ. ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಮುಂದಿನ ಪೀಳಿಗೆ ಕನ್ನಡ ಓದುವುದೋ ಇಲ್ಲವೋ ಎಂಬ ಅನುಮಾನದ ನಡುವೆಯೂ, ತೀರಿಕೊಂಡವರ ಹೆಸರನ್ನು ವರ್ಷಕ್ಕೊಮ್ಮೆ ನಾಲ್ಕು ಜನರ ಎದುರು ಉಚ್ಚರಿಸುವ ವ್ಯವಸ್ಥೆ ಮಾಡಿಕೊಂಡವರು ನಾವು.

ಇದೇ ಜನ ಇನ್ನೊಂದು ಬಗೆಯಲ್ಲಿಯೂ ಹಣ ಕೊಡುತ್ತಾರೆ. ಸಂಘದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬರುತ್ತದೆ: ಉತ್ತರ ಕರ್ನಾಟಕದ ಹುಡುಗ, ಏಳು ವರ್ಷ, ಬ್ಲಡ್ ಕ್ಯಾನ್ಸರ್, ಪರೇಲಿನಲ್ಲಿ ಚಿಕಿತ್ಸೆ, ಕೈಲಾದ ಸಹಾಯ ಮಾಡಿ. ಎರಡು ದಿನಗಳಲ್ಲಿ ಮೂವತ್ತು ನಲವತ್ತು ಸಾವಿರ ಕೂಡುತ್ತದೆ. ವಾರ ಕಳೆದ ಮೇಲೆ ಪ್ಲೇಟ್‌ಲೆಟ್ ಬೇಕೆಂಬ ಕರೆ. ಇಬ್ಬರು ತರುಣರು ಕಚೇರಿಗೆ ರಜೆ ಹಾಕಿ ಹೋಗಿ ಕೊಟ್ಟು ಬರುತ್ತಾರೆ. ಆಮೇಲೆ ಸುದ್ದಿಯಿಲ್ಲ. ಗುಂಪು ಮತ್ತೆ ಶುಭೋದಯದ ಚಿತ್ರಗಳಿಗೆ ಮರಳುತ್ತದೆ. ಹುಡುಗ ಏನಾದ ಎಂದು ಕೇಳಲು ಎಲ್ಲರಿಗೂ ಸಂಕೋಚ, ಬಹುಶಃ ಭಯ.

ಒಂದು ದಾನ ಸತ್ತವರ ಹೆಸರಿಗೆ, ಇನ್ನೊಂದು ಸಾಯದಿರಲಿ ಎಂದು ಹಾರೈಸಿದವರ ಬಿಲ್ಲಿಗೆ. ಇವೆರಡೂ ಒಂದೆಡೆ ಸೇರುವ ಮೂರನೆಯ ದಾನವೊಂದಿದೆ: ಈ ಕಾಯಿಲೆ ಕುರಿತ ಸಂಶೋಧನೆಗೆ ಕೊಡುವುದು. ಅದರ ಮಾತನ್ನು ನಮ್ಮ ಯಾವ ಸರ್ವಸದಸ್ಯರ ಸಭೆಯಲ್ಲಿಯೂ ನಾನು ಕೇಳಿಲ್ಲ. ಕೇಳುವಂತಾಗಬೇಕು ಎಂಬುದಷ್ಟೇ ಈ ಬರಹದ ಹಟ.

ರಕ್ತದ ಕ್ಯಾನ್ಸರ್ ಎಂಬುದು ಒಂದು ಕಾಯಿಲೆಯಲ್ಲ. ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಎಂಬ ಮೂರು ದೊಡ್ಡ ಕವಲುಗಳೂ ಅವುಗಳ ಹತ್ತಾರು ಉಪಕವಲುಗಳೂ ಇವೆ. ಸಾಹಿತ್ಯ, ಸಿನಿಮಾಗಳು ಮಾತ್ರ ಇದನ್ನು ಒಂದೇ ಮಾಡಿ, ಬಹಳ ಚೆಲುವಾಗಿಸಿಬಿಟ್ಟವು. ಗೆಡ್ಡೆಯಿಲ್ಲ, ವಿರೂಪವಿಲ್ಲ, ನಾಯಕಿ ಬಿಳಿಚಿಕೊಳ್ಳುತ್ತಾಳೆ, ಅಷ್ಟೆ. ಎರಿಕ್ ಸೀಗಲ್‌ನ ‘ಲವ್ ಸ್ಟೋರಿ’ 1970ರಲ್ಲಿ ಬಂತು. ಮರುವರ್ಷ ಬಂದ ‘ಆನಂದ್’ ಚಿತ್ರದ ನಾಯಕನ ಕರುಳಿನ ಲಿಂಫೋಸಾರ್ಕೋಮಾ ಕೂಡ ಈ ಬಳಗದ್ದೇ. 1978ರ ‘ಇಲ್‌ನೆಸ್ ಆ್ಯಸ್ ಮೆಟಫರ್’ ಕೃತಿಯಲ್ಲಿ ಸೂಸನ್ ಸೊಂಟಾಗ್, ಒಂದು ಕಾಲದಲ್ಲಿ ಕ್ಷಯಕ್ಕಿದ್ದ ಆ ರಮ್ಯ ಪಟ್ಟವನ್ನು ಲ್ಯುಕೇಮಿಯಾಕ್ಕೆ ಕಟ್ಟಲಾಗಿದೆ ಎಂಬುದನ್ನು ಗುರುತಿಸಿದ್ದರು. 2004ರಲ್ಲಿ ಅವರನ್ನು ಕೊಂಡೊಯ್ದದ್ದೂ ಲ್ಯುಕೇಮಿಯಾವೇ. ಚೆಲುವಾದ ಸಾವಿಗೆ ಕಣ್ಣೀರು ಸಾಕು, ಸಂಶೋಧನೆ ಬೇಡ ಎಂಬ ಭಾವನೆ ನಮ್ಮೊಳಗೆ ಇಳಿದಿದ್ದರೆ ಅದಕ್ಕೆ ಇಂಥ ಕಥೆಗಳೂ ಕಾರಣವಾಗಿರಬಹುದು.

ಪರೇಲಿನ ಬೀದಿಯಲ್ಲಿ ಆ ಚೆಲುವು ಕಾಣುವುದಿಲ್ಲ. ಅಲ್ಲಿಗೆ ನಾನು ಹೋಗುವುದು ದುಭಾಷಿಯಾಗಿ. ಊರಿನ ಪರಿಚಯದವರ ಪರಿಚಯದವರು ಫೋನ್ ಮಾಡುತ್ತಾರೆ: ‘ಸರ್, ನಮ್ಮವರಿಗೆ ಹಿಂದಿ ಬರಂಗಿಲ್ಲ, ಒಂದ್ ತಾಸು ಬರ್ತೀರೇನ್ರಿ?’ ಮಗುವಿಗೆ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಆದರೆ ಚಿಕಿತ್ಸೆ ಎರಡು ವರ್ಷಕ್ಕೂ ಮೀರಿ ನಡೆಯುತ್ತದೆ ಎಂಬ ಮಾತನ್ನು ಕನ್ನಡದಲ್ಲಿ ಹೇಳುವ ಕೆಲಸ ಹೀಗೆ ಹಲವು ಸಲ ನನ್ನ ಪಾಲಿಗೆ ಬಂದಿದೆ. ಗುಣವಾಗುವ ಸಾಧ್ಯತೆಯ ಮಾತಿಗಿಂತ ಈ ಎರಡು ವರ್ಷದ ಮಾತು ತಂದೆಯನ್ನು ಹೆಚ್ಚು ಅಲುಗಿಸುತ್ತದೆ. ಹೊಲ ಯಾರು ನೋಡಬೇಕು? ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಹಿರಿಯ ಮಗಳ ಶಾಲೆ? ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆಯಲ್ಲಿ ಜಾಗ ಸಿಕ್ಕವರು ಪುಣ್ಯವಂತರು. ಸಿಗದವರು ಆಸ್ಪತ್ರೆಯ ಸುತ್ತಲಿನ ಕಾಲುದಾರಿಯಲ್ಲಿಯೇ ಚಾಪೆ ಹಾಸುತ್ತಾರೆ. ಮೊದಲ ತಿಂಗಳ ಚಿಕಿತ್ಸೆಯಲ್ಲಿಯೇ ಮಗು ಲವಲವಿಕೆಯಿಂದ ಆಡತೊಡಗಿದರೆ, ಇನ್ನು ಸಾಕು ಎಂದು ಊರಿನ ರೈಲು ಹಿಡಿಯುವವರಿದ್ದಾರೆ. ಅವರನ್ನು ಅಜ್ಞಾನಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಉಳಿಯಬಹುದಾಗಿದ್ದ ಮಗು ಉಳಿಯದೆ ಹೋಗಲು ನಮ್ಮ ದೇಶದಲ್ಲಿ ಇದೂ ಒಂದು ದೊಡ್ಡ ಕಾರಣ.

ಆ ಆಸ್ಪತ್ರೆಯ ಹಿಂದೆಯೇ ಲ್ಯುಕೇಮಿಯಾಕ್ಕೆ ಬಲಿಯಾದ ಹೆಂಗಸೊಬ್ಬರಿದ್ದಾರೆ, ಅದೂ ಕರ್ನಾಟಕದ ನಂಟಿನವರು. ಮೆಹರ್‌ಬಾಯಿ ಬೆಳೆದದ್ದು ಬೆಂಗಳೂರಿನಲ್ಲಿ. ಅವರ ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದರು. 1898ರಲ್ಲಿ ದೊರಾಬ್ಜಿ ಟಾಟಾರನ್ನು ಮದುವೆಯಾದ ಆಕೆ 1931ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯಲ್ಲಿದ್ದಾಗ ಲ್ಯುಕೇಮಿಯಾದಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿ ಆಕೆಯ ಹೆಸರಿನಲ್ಲಿ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಸ್ಥಾಪಿಸಿದರು, ಕೆಲವೇ ವಾರಗಳಲ್ಲಿ ತಾವೂ ಹೋದರು. ಆ ಟ್ರಸ್ಟಿನ ಆದಾಯದ ಐದರಲ್ಲಿ ನಾಲ್ಕು ಪಾಲು ಲ್ಯುಕೇಮಿಯಾ ಸಂಶೋಧನೆಗೆ, ಸಂಶೋಧಕರು ಯಾವ ದೇಶದವರಾದರೂ ಸರಿ. ಇನ್ನೊಂದು ಟ್ರಸ್ಟಿನ ಹಣದಿಂದ, 1941ರ ಫೆಬ್ರವರಿ 28ರಂದು, ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಮೆಹರ್‌ಬಾಯಿಯವರಲ್ಲಿದ್ದ 245 ಕ್ಯಾರೆಟ್ಟಿನ ಜುಬಿಲಿ ವಜ್ರವೂ ಮಾರಾಟವಾಗಿ ದಾನದ ನಿಧಿಗೆ ಸೇರಿತ್ತು. 1962ರಲ್ಲಿ ಆಸ್ಪತ್ರೆ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂದಾಗ ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಹೋಮಿ ಭಾಭಾ, ಮೆಹರ್‌ಬಾಯಿಯವರ ಅಣ್ಣತಮ್ಮಂದಿರ ಮಗ. ಹೆಂಡತಿಯ ನೆನಪಿಗೆ ಒಂದು ಕಟ್ಟಡ ಕಟ್ಟಿಸಿ ಸುಮ್ಮನಿರಬಹುದಾಗಿದ್ದ ಮನುಷ್ಯ, ಆಕೆಯನ್ನು ಕೊಂದದ್ದು ಏನು ಎಂದು ತಿಳಿಯುವುದಕ್ಕೆ ಹಣ ಇಟ್ಟದ್ದನ್ನು ನಾನು ದೊಡ್ಡದೆನ್ನುತ್ತೇನೆ.

ಅವರು ಟಾಟಾ, ನಾವು ಯಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನ ಈಸ್ಟ್‌ವುಡ್ ದಂಪತಿ ಟಾಟಾ ಆಗಿರಲಿಲ್ಲ. ಅವರ ಆರು ವರ್ಷದ ಮಗಳು ಸೂಸನ್ 1960ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡಳು. ಅವರು ಊರಿನವರೊಂದಿಗೆ ಕೂಡಿ ಸಂಶೋಧನೆಗೆಂದು ಹಣ ಎತ್ತತೊಡಗಿದರು. ಆ ಪ್ರಯತ್ನವೇ ಇಂದಿನ ಬ್ಲಡ್ ಕ್ಯಾನ್ಸರ್ ಯುಕೆ. ಅಮೆರಿಕದಲ್ಲಿ ಡಿ ವಿಲಿಯರ್ಸ್ ದಂಪತಿ ಹದಿನಾರರ ಮಗನನ್ನು ಕಳೆದುಕೊಂಡು 1949ರಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ಲ್ಯುಕೇಮಿಯಾ ಆ್ಯಂಡ್ ಲಿಂಫೋಮಾ ಸೊಸೈಟಿಯಾಯಿತು. ಬಾಸ್ಟನ್ನಿನ ಜಿಮ್ಮಿ ಫಂಡ್ ಕಥೆ ಇನ್ನೂ ಸ್ವಾರಸ್ಯದ್ದು. 1948ರ ಮೇ ತಿಂಗಳಲ್ಲಿ ರೇಡಿಯೋದಲ್ಲಿ ಲಿಂಫೋಮಾ ಪೀಡಿತ ಹುಡುಗನೊಬ್ಬನ ಮಾತು ಕೇಳಿಸಿ, ಅವನ ಹಾಸಿಗೆಯ ಪಕ್ಕ ಟಿವಿ ಇಡಬೇಕಾದರೆ ಜನ 20 ಸಾವಿರ ಡಾಲರ್ ಕೂಡಿಸಬೇಕು ಎಂದು ಹೇಳಲಾಯಿತು. ಬಂದದ್ದು 2 ಲಕ್ಷ 31 ಸಾವಿರಕ್ಕೂ ಮಿಗಿಲು. ಎಲ್ಲರೂ ಸತ್ತಿದ್ದಾನೆಂದುಕೊಂಡಿದ್ದ ಆ ‘ಜಿಮ್ಮಿ’ ಐವತ್ತು ವರ್ಷಗಳ ಬಳಿಕ ಬದುಕಿಯೇ ಇದ್ದಾನೆಂದು ತಿಳಿಯಿತು.

ಆ ನಿಧಿಯ ಹಿಂದಿದ್ದ ವೈದ್ಯ ಸಿಡ್ನಿ ಫಾರ್ಬರ್. ಅದೇ ವರ್ಷ ಅವರು ಲ್ಯುಕೇಮಿಯಾದ ಮಕ್ಕಳಲ್ಲಿ ಮೊದಲ ಬಾರಿಗೆ, ತಾತ್ಕಾಲಿಕವಾಗಿಯಾದರೂ, ರೋಗವನ್ನು ಹಿಮ್ಮೆಟ್ಟಿಸಿ ತೋರಿಸಿದ್ದರು. ಅವರು ಬಳಸಿದ ಅಮಿನೋಪ್ಟರಿನ್ ಬಂದದ್ದು ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ಹೈದರಾಬಾದಿನ ಓದುಗರಿಗೆ ಈ ಹೆಸರು ಹೊಸದಲ್ಲ. ತರುಣನಾಗಿದ್ದಾಗ ಸ್ಪ್ರೂ ಎಂಬ ಕಾಯಿಲೆಗೆ ಸಹೋದರರನ್ನು ಕಳೆದುಕೊಂಡಿದ್ದ ಸುಬ್ಬರಾವ್ ಮುಂದೆ ಫೋಲಿಕ್ ಆಮ್ಲದ ಬೆನ್ನು ಹತ್ತಿದರು. ಅದರ ವಿರೋಧಿ ರಸಾಯನಗಳೇ ಲ್ಯುಕೇಮಿಯಾದ ಮದ್ದಾದವು. ಆ ಬಳಗದ ಮೆಥೋಟ್ರೆಕ್ಸೇಟ್ ಇಂದಿಗೂ ಪರೇಲಿನ ಮಕ್ಕಳಿಗೆ ಸಿಗುತ್ತಿದೆ.

ಸಂಶೋಧನೆ ಎಂದರೆ ಹೊರದೇಶದ ಪ್ರಯೋಗಶಾಲೆ ಎಂಬ ಕಲ್ಪನೆ ಬೇಡ. 1984ರ ಸುಮಾರಿಗೆ ಮುಂಬಯಿಯ ಟಾಟಾ ಸ್ಮಾರಕ, ಚೆನ್ನೈಯ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ದೆಹಲಿಯ ಏಮ್ಸ್ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊತೆ ಸೇರಿ ಮಕ್ಕಳ ಲ್ಯುಕೇಮಿಯಾಕ್ಕೆ ಎಂಸಿಪಿ-841 ಎಂಬ ಚಿಕಿತ್ಸಾಕ್ರಮವನ್ನು ರೂಪಿಸಿಕೊಂಡವು. ಮೂರೂ ನಾವು ನೀವು ಬದುಕುತ್ತಿರುವ ಊರುಗಳು. ಬಹುಪಾಲು ಮಕ್ಕಳು ಉಳಿಯದಿದ್ದ ಸ್ಥಿತಿಯಿಂದ ಸುಮಾರು ಅರ್ಧದಷ್ಟು ಮಕ್ಕಳು ಉಳಿಯುವ ಹಂತಕ್ಕೆ ಅದು ಕರೆತಂದಿತು. ಹೊಸ ಔಷಧ ಯಾವುದೂ ಅದರಲ್ಲಿರಲಿಲ್ಲ. ಇದ್ದ ಔಷಧಗಳನ್ನೇ ಇಲ್ಲಿನ ಆಸ್ಪತ್ರೆ ತಾಳಬಲ್ಲ ರೀತಿಯಲ್ಲಿ ಜೋಡಿಸಿ, ವರ್ಷಗಟ್ಟಲೆ ಲೆಕ್ಕ ಇಟ್ಟದ್ದೇ ಅದರ ಹಿರಿಮೆ. ನಮ್ಮ ಮಕ್ಕಳು ಸೋಂಕಿನಿಂದ ಎಷ್ಟು ಸಾಯುತ್ತಾರೆ ಎಂಬುದೂ ಆ ಲೆಕ್ಕದಿಂದಲೇ ಗೊತ್ತಾದದ್ದು. ಅಂಥ ಲೆಕ್ಕವನ್ನು ಅಮೆರಿಕದವರು ನಮಗಾಗಿ ಇಡುವುದಿಲ್ಲ.

ಬೆಲೆಯ ಪ್ರಶ್ನೆಯೂ ಹಾಗೆಯೇ. 2001ರಲ್ಲಿ ಬಂದ ಇಮ್ಯಾಟಿನಿಬ್, ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾವನ್ನು ದಿನಕ್ಕೊಂದು ಗುಳಿಗೆಯಿಂದ ಹತೋಟಿಯಲ್ಲಿಡುವ ಕಾಯಿಲೆಯಾಗಿಸಿತು. ಮೇಲೆ ಹೇಳಿದ ಅಮೆರಿಕದ ಸಂಸ್ಥೆಯ ಹಣ ಆ ಸಂಶೋಧನೆಗೂ ಒದಗಿತ್ತು. ಆದರೆ ತಿಂಗಳಿಗೆ ಲಕ್ಷ ರೂಪಾಯಿ ಮೀರಿದ ಬೆಲೆ ಹತ್ತು ಸಾವಿರದ ಆಸುಪಾಸಿನ ದೇಶೀ ಗುಳಿಗೆಯಾಗಿ ನಮಗೆ ದಕ್ಕಿ ಉಳಿದದ್ದು ಪೇಟೆಂಟಿನ ವಿರುದ್ಧ ನಡೆದ ಹೋರಾಟದಿಂದ. ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಕೂಡ ಅದರಲ್ಲಿ ಕಕ್ಷಿದಾರನಾಗಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 2013ರ ಏಪ್ರಿಲ್ 1ರಂದು. ಪವಾಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರ ಕೂಡಿ ಬೆಳೆಸಿದ ಕಾರ್-ಟಿ ಕೋಶ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಅಮೆರಿಕದಲ್ಲಿ ಮೂರು ಕೋಟಿಗೆ ಹತ್ತಿರವಿರುವುದು ಇಲ್ಲಿ ನಲವತ್ತು ಲಕ್ಷದ ಸುಮಾರಿಗೆ ಬಂದಿದೆ. ನಲವತ್ತು ಲಕ್ಷ ಯಾರ ಬಳಿ ಇದೆ ಎಂದು ಕೇಳಬಹುದು. ಹೌದು, ಅದನ್ನು ಇನ್ನೂ ಇಳಿಸುವುದೂ ಸಂಶೋಧನೆಯದೇ ಕೆಲಸ.

ನನ್ನ ಮಾತಿಗೆ ಎರಡು ಆಕ್ಷೇಪಗಳಿವೆ. ಇದೆಲ್ಲ ಸರಕಾರದ ಕೆಲಸ ಎಂಬುದು ಮೊದಲನೆಯದು. ಸರಕಾರದ ಸಂಬಳ ತಿನ್ನುವ ನಾನು ಇದನ್ನು ಅಲ್ಲಗಳೆಯಲಾರೆ. ದೇಶದ ಒಟ್ಟು ಉತ್ಪನ್ನದಲ್ಲಿ ಎಲ್ಲ ಬಗೆಯ ಸಂಶೋಧನೆಗೂ ಸೇರಿ ನಾವು ಖರ್ಚು ಮಾಡುವುದು ಶೇಕಡ 0.64ರಷ್ಟು, ಅದು ಹೆಚ್ಚಬೇಕು. ಆದರೆ ಸರಕಾರಿ ಅನುದಾನ ಯೋಜನೆಯ ಅವಧಿಗೆ ಕಟ್ಟುಬಿದ್ದದ್ದು. ಮೂರು ವರ್ಷ ಮುಗಿದು ಮುಂದಿನ ಮಂಜೂರಾತಿ ಬರುವ ನಡುವೆ ತರಬೇತಾದ ಸಹಾಯಕ ಬೇರೆ ಕೆಲಸ ಹಿಡಿದಿರುತ್ತಾನೆ. ದತ್ತಿಯ ಬಡ್ಡಿ ಸಣ್ಣದಿರಬಹುದು, ಆದರೆ ಪ್ರತಿ ವರ್ಷ ಬರುತ್ತದೆ.

ಎರಡನೆಯದು ಕಠಿಣವಾದದ್ದು. ಕಾಲುದಾರಿಯ ಮೇಲೆ ಕುಳಿತ ತಾಯಿಯ ಎದುರು ಸಂಶೋಧನೆಯ ಮಾತಾಡುವುದು ನಿರ್ದಯವಲ್ಲವೆ? ಬಿಲ್ಲಿಗೆ ಕೊಡುವ ಹಣದಲ್ಲಿ ಒಂದು ಪೈಸೆಯನ್ನೂ ಕಡಿತಗೊಳಿಸಿ ಎಂದು ನಾನು ಹೇಳುವುದಿಲ್ಲ. ನೊಂದ ಕುಟುಂಬವೇ ಹುಂಡಿ ಹಿಡಿದು ಹೊರಡಲಿ ಎಂದೂ ಅಲ್ಲ. ದುಃಖವನ್ನು ಯಾವುದಕ್ಕಾದರೂ ಉಪಯೋಗಿಸಿಕೊಳ್ಳಲೇಬೇಕು ಎಂಬ ಈಚಿನ ಧೋರಣೆ ನನಗೆ ಒಗ್ಗದು. ಮಗುವನ್ನು ಕಳೆದುಕೊಂಡವರಿಗೆ ಸುಮ್ಮನಿರುವ ಹಕ್ಕಿದೆ. ನಾನು ಕೇಳುತ್ತಿರುವುದು ಸಂಘಗಳನ್ನು, ನಲವತ್ತು ಜನರಿಗಾಗಿ ಸಭಾಂಗಣ ಹಿಡಿಯುವ ನಮ್ಮನ್ನು.

ಲೆಕ್ಕ ಹೀಗಿದೆ. ಕಿರಿಯ ಸಂಶೋಧಕರೊಬ್ಬರಿಗೆ ಕೇಂದ್ರ ಸರಕಾರದ ದರದ ಫೆಲೋಶಿಪ್ 2023ರಿಂದ ತಿಂಗಳಿಗೆ 37 ಸಾವಿರ, ಮನೆ ಬಾಡಿಗೆ ಭತ್ಯೆ ಬೇರೆ. ಭತ್ಯೆ ಬಿಟ್ಟರೆ ವರ್ಷಕ್ಕೆ 4 ಲಕ್ಷ 44 ಸಾವಿರ. ಏಳರ ಬಡ್ಡಿ ಹಿಡಿದರೆ ಇದಕ್ಕೆ ಬೇಕಾದ ಠೇವಣಿ 63 ಲಕ್ಷಕ್ಕಿಂತ ತುಸು ಹೆಚ್ಚು. ಒಂದು ಸಂಘಕ್ಕೆ ಆಗದ ಮಾತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಹದಿಮೂರು ಸಂಘಗಳು ತಲಾ ಐದು ಲಕ್ಷ ಕೂಡಿಸಿದರೆ ಆಗುವ ಮಾತು; ಇವುಗಳಲ್ಲಿ ಕೆಲವು ಒಂದು ವಾರ್ಷಿಕೋತ್ಸವಕ್ಕೆ ಅದಕ್ಕಿಂತ ಹೆಚ್ಚು ಖರ್ಚು ಮಾಡುತ್ತವೆ. ಆ ಫೆಲೋ ಹೊಸ ಅಣುವನ್ನೇ ಕಂಡುಹಿಡಿಯಬೇಕೆಂದಿಲ್ಲ. ಕರ್ನಾಟಕದಿಂದ ಬಂದು ಚಿಕಿತ್ಸೆಯ ನಡುವೆಯೇ ಹೊರಟುಹೋದ ಮಕ್ಕಳು ಎಷ್ಟು, ಏಕೆ ಹೋದರು, ಯಾವ ನೆರವು ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂಬುದನ್ನು ಕನ್ನಡದಲ್ಲಿ ಕೇಳಿ ತಿಳಿದು ದಾಖಲಿಸಿದರೂ ಅದು ಮೊದಲ ದರ್ಜೆಯ ಸಂಶೋಧನೆಯೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ವೈದ್ಯರೂ ಇದರಲ್ಲಿ ಕೈಗೂಡಿಸಬಹುದು.

ಹಣವನ್ನು ಸುಮ್ಮನೆ ಆಸ್ಪತ್ರೆಯ ಸಾಮಾನ್ಯ ದೇಣಿಗೆಗೆ ಹಾಕಬಾರದು. ಉದ್ದೇಶವನ್ನು ಪತ್ರದಲ್ಲಿ ನಮೂದಿಸಿ, ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆದು, ಪ್ರತಿ ವರ್ಷ ಬಳಕೆಯ ಪ್ರಮಾಣಪತ್ರ ಕೇಳಬೇಕು. ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನಿಗೆ ಇಷ್ಟಾದರೂ ಬರುತ್ತದೆ. ಕರಡು ಪತ್ರ ನಾನು ಬರೆದುಕೊಡುತ್ತೇನೆ. ಹೆಸರು ಯಾರದಿರಬೇಕು ಎಂಬುದು ನಮ್ಮ ಸಂಘಗಳಲ್ಲಿ ಜಗಳಕ್ಕೆ ಹಾದಿಯಾಗುವ ಪ್ರಶ್ನೆ, ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳೋಣ. ಮೊದಲು ಹದಿಮೂರು ಕಾರ್ಯದರ್ಶಿಗಳು ಒಂದು ಭಾನುವಾರ ಮಾಟುಂಗಾದಲ್ಲೋ ದಾದರಿನಲ್ಲೋ ಸೇರಬೇಕು. ಅಲ್ಲಿಂದ ಪರೇಲ್ ಒಂದೆರಡೇ ಸ್ಟೇಷನ್. ಸಭೆ ಮುಗಿಸಿ ಎಲ್ಲರೂ ಅಲ್ಲಿಯವರೆಗೆ ಹೋಗಿ ಬರಬಹುದು.