ಝೀಬ್ರಾದ ಕೂಗು

ಕುದುರೆ ಕೆನೆಯುತ್ತದೆ, ಕತ್ತೆ ಅರಚುತ್ತದೆ, ಆನೆ ಘೀಳಿಡುತ್ತದೆ, ನರಿ ಊಳಿಡುತ್ತದೆ. ಹೀಗೆ ಒಂದೊಂದು ಪ್ರಾಣಿಯ ದನಿಗೂ ನಮ್ಮ ಹಿರಿಯರು ಒಂದೊಂದು ಮಾತು ಕೊಟ್ಟಿದ್ದಾರೆ. ಆದರೆ ಝೀಬ್ರಾದ ದನಿಗೆ ಅಂಥ ಮಾತಿಲ್ಲ. ಅದು ದೂರದ ಆಫ್ರಿಕದ ಪ್ರಾಣಿಯಷ್ಟೆ! ನಮ್ಮ ಮಕ್ಕಳು ಅದನ್ನು ಮೊದಲು ನೋಡುವುದು ಇಂಗ್ಲಿಷ್ ಅಕ್ಷರಮಾಲೆಯ ಕೊನೆಯ ಪುಟದಲ್ಲಿ, ಬಾಯಿ ಮುಚ್ಚಿ ನಿಂತ ಚಿತ್ರವಾಗಿ. ಅದರ ಪಟ್ಟೆಗಳ ಬಗ್ಗೆ ಎಲ್ಲರೂ ಮಾತಾಡುತ್ತೇವೆ, ದನಿಯ ಬಗ್ಗೆ ಯಾರೂ ಕೇಳುವುದಿಲ್ಲ.

ಝೀಬ್ರಾಗಳಲ್ಲಿ ಮೂರು ಜಾತಿ. ಅವುಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವುದು ಬಯಲಿನ ಝೀಬ್ರಾ. ಇದು ಕುದುರೆಯ ಬಂಧುವಾದರೂ ಇದರ ಕೂಗು ನಾಯಿಯ ಬೊಗಳುವಿಕೆಗೇ ಹತ್ತಿರ: ‘ಕ್ವಾ-ಹಾ, ಕ್ವಾ-ಹಾ’ ಎಂದು ಬೇಗಬೇಗನೆ ಹಲವು ಸಲ ಕೂಗುತ್ತದೆ. ದಕ್ಷಿಣ ಆಫ್ರಿಕದ ಖೋಯಿಖೋಯಿ ಜನ ಈ ದನಿಯನ್ನೇ ಅನುಕರಿಸಿ ಪ್ರಾಣಿಗೆ ಹೆಸರಿಟ್ಟರು. ಅದೇ ‘ಕ್ವಾಗ’.

ಈ ಕೂಗಿನ ಮುಖ್ಯ ಕೆಲಸ ಮನೆಯವರನ್ನು ಒಟ್ಟಿಗೆ ಇಡುವುದು. ಸೆರೆಂಗೆಟಿಯ ಬಯಲಿನಲ್ಲಿ ಸಾವಿರಾರು ಝೀಬ್ರಾಗಳು ಒಟ್ಟಾಗಿ ಮೇಯುವಾಗ ನೋಡುವವರಿಗೆ ಅದೊಂದು ದೊಡ್ಡ ಜಂಗುಳಿ. ಒಳಗೆ ಅದು ಸಣ್ಣ ಸಣ್ಣ ಕುಟುಂಬಗಳಾಗಿ ಹಂಚಿಕೊಂಡಿರುತ್ತದೆ: ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು. ಹೆಣ್ಣುಗಳು ವರ್ಷಾನುಗಟ್ಟಲೆ ಜೊತೆಗೇ ಇರುತ್ತವೆ. ಯಾರಾದರೂ ತಪ್ಪಿಹೋದರೆ ಉಳಿದವರು ಕೂಗುತ್ತಾ ಹುಡುಕುತ್ತಾರೆ. ಕಾಯಿಲೆ ಬಿದ್ದು ನಿಧಾನವಾದವರಿದ್ದರೆ ತಾವೂ ನಿಧಾನವಾಗಿ ನಡೆಯುತ್ತಾರೆ. (ಪ್ರಾಣಿಗಳನ್ನು ‘ಅವರು’ ಎಂದು ಬರೆದುಬಿಟ್ಟೆವು, ಇರಲಿ.) ಗುಡ್ಡದಾಚೆಯವರನ್ನು ಕೂಕುಳು ಹಾಕಿ ಕರೆಯುತ್ತಿದ್ದ ನಮ್ಮ ಅಜ್ಜಂದಿರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಮರಿ ಹುಟ್ಟಿದ ಮೊದಲ ಕೆಲವು ದಿನ ತಾಯಿ ಬೇರೆ ಯಾರನ್ನೂ, ಸ್ವಂತ ಕುಟುಂಬದವರನ್ನೂ, ಹತ್ತಿರ ಬಿಡುವುದಿಲ್ಲ. ತಾಯಿಯ ಪಟ್ಟೆ, ವಾಸನೆ, ದನಿ ಈ ಮೂರೂ ಮರಿಯ ಮನಸ್ಸಿನಲ್ಲಿ ಕೂರುವ ತನಕ ಈ ಕಾವಲು.

ಹತ್ತಿರದವರ ಜೊತೆಗಿನ ಮಾತು ಬೇರೆ. ನೆಮ್ಮದಿಯಿಂದ ಮೇಯುವಾಗ ತುಟಿಯ ನಡುವೆ ಮೆಲ್ಲನೆ ಗಾಳಿ ಬಿಡುತ್ತದೆ, ಜಗಳದಲ್ಲಿ ಕಚ್ಚಿಸಿಕೊಂಡರೆ ಕೀರಲು ದನಿಯಲ್ಲಿ ಚೀರುತ್ತದೆ, ಅಪಾಯದ ಶಂಕೆ ಬಂದರೆ ಜೋರಾಗಿ ಮೂಗುಬ್ಬಸ ಬಿಡುತ್ತದೆ. ಕಿವಿಯನ್ನೂ ನೋಡಬೇಕು. ನಿಮಿರಿ ನಿಂತಿದ್ದರೆ ಗಮನ ಕೊಡುತ್ತಿದೆ, ಹಿಂದಕ್ಕೆ ಮಡಚಿದ್ದರೆ ಸಿಟ್ಟಾಗಿದೆ.

ಇದರ ಎಚ್ಚರಿಕೆಯ ದನಿಗೆ ನೆರೆಯವರಲ್ಲೂ ಬೆಲೆಯಿದೆ. ಝೀಬ್ರಾ, ವೈಲ್ಡ್‌ಬೀಸ್ಟ್ ಮತ್ತು ಇಂಪಾಲ ಜಿಂಕೆಗಳಿಗೆ ಪರಸ್ಪರರ ಎಚ್ಚರಿಕೆಯ ಕೂಗುಗಳನ್ನು ಕೇಳಿಸಿ ನಡೆಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಝೀಬ್ರಾದ ದನಿಗೆ ಮೂರೂ ಬೆಚ್ಚಿದವು. ಇಂಪಾಲದ ಕೂಗನ್ನು ಝೀಬ್ರಾ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂಪಾಲ ಚಿಕ್ಕ ಪ್ರಾಣಿ, ಅದಕ್ಕೆ ಚಿಕ್ಕ ಬೇಟೆಪ್ರಾಣಿಯೂ ವೈರಿ. ದೊಡ್ಡ ಮೈಯ ಝೀಬ್ರಾ ಹೆದರಿತೆಂದರೆ ಬಂದದ್ದು ಸಿಂಹವೇ ಇರಬೇಕು!

ಕೆನ್ಯ, ಇಥಿಯೋಪಿಯಗಳ ಒಣನಾಡಿನ ಗ್ರೇವಿ ಝೀಬ್ರಾ ಮಾತ್ರ ಕತ್ತೆಯಂತೆ ಅರಚುತ್ತದೆ. ಅದರಲ್ಲಿ ತಾಯಿ-ಮರಿಯ ನಂಟು ಬಿಟ್ಟರೆ ಬಾಳುವ ಕುಟುಂಬವಿಲ್ಲ.

ಕ್ವಾಗದ ಕಥೆಗೆ ಮರಳೋಣ. ಮೈಯ ಮುಂಭಾಗದಲ್ಲಿ ಮಾತ್ರ ಪಟ್ಟೆಯಿದ್ದ ಒಂದು ಬಗೆಯ ಝೀಬ್ರಾಕ್ಕೆ ಈ ಹೆಸರು ನಿಂತಿತು. ವಲಸೆ ಬಂದ ಬಿಳಿಯರು ಮಾಂಸಕ್ಕಾಗಿ, ಚರ್ಮಕ್ಕಾಗಿ, ತಮ್ಮ ಕುರಿಗಳ ಹುಲ್ಲು ಉಳಿಯಲೆಂದು ಅದನ್ನು ಕೊಂದರು. ಜನ ಎಲ್ಲ ಝೀಬ್ರಾಗಳನ್ನೂ ‘ಕ್ವಾಗ’ ಎನ್ನುತ್ತಿದ್ದುದರಿಂದ ನಿಜವಾದ ಕ್ವಾಗ ಮುಗಿಯುತ್ತಿದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಕೊನೆಯದು 1883ರ ಆಗಸ್ಟ್ 12ರಂದು ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ಇನ್ನೊಂದು ಕ್ವಾಗದ ಒಣ ಚರ್ಮದಿಂದ 1984ರಲ್ಲಿ ವಿಜ್ಞಾನಿಗಳು ಡಿಎನ್‌ಎ ತೆಗೆದರು. ಕ್ವಾಗ ಬಯಲಿನ ಝೀಬ್ರಾದ್ದೇ ಒಂದು ಒಳಬಗೆಯೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಹಾಗಾಗಿ ಇಂದು ಸೆರೆಂಗೆಟಿಯಲ್ಲಿ ತನ್ನವರನ್ನು ಕೂಗಿ ಕರೆಯುವ ಝೀಬ್ರಾಕ್ಕೆ ವಿಜ್ಞಾನದಲ್ಲಿರುವ ಹೆಸರು ‘ಈಕ್ವಸ್ ಕ್ವಾಗ’.