ಹಣ ಕೊಟ್ಟದ್ದು ತಪ್ಪೋ, ಪಾಠ ಕೊಡದಿದ್ದದ್ದು ತಪ್ಪೋ?

ಕಳೆದ ತಿಂಗಳ ಬೋಧನಾಭ್ಯಾಸದಲ್ಲಿ ಒಂದು ಪಾಠ ವೀಕ್ಷಿಸಿದೆ. ಒಂಬತ್ತನೆಯ ತರಗತಿ, ಮೌಲ್ಯ ಶಿಕ್ಷಣದ ಅವಧಿ, ವಿಷಯ ‘ನಿಯಮಪಾಲನೆ’. ಪ್ರಶಿಕ್ಷಣಾರ್ಥಿ ಅಮೆರಿಕದ ಕಾಲೇಜು ಫುಟ್‌ಬಾಲಿನ ಒಂದು ಪ್ರಕರಣವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದರು. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟರು, ಸಿಕ್ಕಿಬಿದ್ದರು, ತಂಡವನ್ನೇ ನಿಲ್ಲಿಸಲಾಯಿತು. ಕಪ್ಪುಹಲಗೆಯ ಮೇಲೆ ಸಾರಾಂಶ: ‘ನಿಯಮ ಮೀರಿದವರಿಗೆ ಶಿಕ್ಷೆ ತಪ್ಪದು.’ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಆಡೋರು ಅವರೇ ಅಲ್ವಾ? ಅವರಿಗೆ ದುಡ್ಡು ಕೊಟ್ರೆ ತಪ್ಪು ಹೇಗಾಗುತ್ತೆ?” ಎಂದು ಕೇಳಿದಳು. “ನಿಯಮ ಹಾಗಿದೆಯಮ್ಮ, ಕೂತ್ಕೋ” ಎಂದರು ಇವರು. ಗಂಟೆ ಹೊಡೆಯಿತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಉದಾಹರಣೆ ಸೂಕ್ತ, ಮುಕ್ತಾಯ ಸ್ಪಷ್ಟ’ ಎಂದು ಬರೆದು ಸಹಿ ಹಾಕಿದೆ.

ಆ ಷರಾ ತಪ್ಪು. ಹುಡುಗಿ ಕೇಳಿದ್ದೇ ಆ ದಿನದ ನಿಜವಾದ ಪಾಠವಾಗಿತ್ತು. ಅದನ್ನು ಕೂರಿಸಿದ ಪ್ರಶಿಕ್ಷಣಾರ್ಥಿಗಿಂತ, ಹಾಗೆ ಕೂರಿಸಿದ್ದನ್ನು ಗಮನಿಸದ ನನ್ನ ತಪ್ಪು ದೊಡ್ಡದು. ಈ ಲೇಖನವನ್ನು ಆ ಷರಾದ ತಿದ್ದುಪಡಿ ಎಂದು ಓದಿಕೊಳ್ಳಬೇಕು.

ಅಮೆರಿಕದ ಫುಟ್‌ಬಾಲ್ ನಮ್ಮ ಮಕ್ಕಳು ಬಲ್ಲ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಮೈಗೆ ಮೈ ಡಿಕ್ಕಿ. ಅಲ್ಲಿ ವಿಶ್ವವಿದ್ಯಾನಿಲಯಗಳ ತಂಡಗಳ ಪಂದ್ಯಕ್ಕೇ ಲಕ್ಷ ಜನ ಸೇರುವ ಕ್ರೀಡಾಂಗಣಗಳಿವೆ. ಟಿ.ವಿ. ಹಕ್ಕುಗಳಿಂದ ಅಪಾರ ಹಣ ಬರುತ್ತದೆ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಸಂಬಳ ಫುಟ್‌ಬಾಲ್ ತರಬೇತುದಾರರದು. ಆದರೆ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಆಟಗಾರ ಹವ್ಯಾಸಿಯಾಗಿಯೇ ಉಳಿಯಬೇಕಿತ್ತು. ಶುಲ್ಕ, ವಸತಿ, ಊಟ, ಪುಸ್ತಕಗಳಿಗೆ ವಿದ್ಯಾರ್ಥಿವೇತನ ಸಿಗುತ್ತಿತ್ತು. ಅದರ ಮೇಲೆ ಒಂದು ಡಾಲರ್ ಪಡೆದರೂ ಅದು ಅಕ್ರಮ ಪಾವತಿ.

ನಮ್ಮ ಪ್ರಶಿಕ್ಷಣಾರ್ಥಿ ಹೇಳಿದ್ದು ಡಲ್ಲಾಸ್ ನಗರದ ಸದರ್ನ್ ಮೆಥೊಡಿಸ್ಟ್ ವಿಶ್ವವಿದ್ಯಾನಿಲಯದ ಕಥೆ. ಅಲ್ಲಿ ತಂಡದ ಶ್ರೀಮಂತ ಅಭಿಮಾನಿಯೊಬ್ಬರು ಒದಗಿಸಿದ ಹಣದಿಂದ 13 ಆಟಗಾರರಿಗೆ ತಿಂಗಳಿಗೆ 50ರಿಂದ 725 ಡಾಲರ್‌ವರೆಗೆ, ಒಟ್ಟು ಸುಮಾರು 61,000 ಡಾಲರ್ ಸಂದಾಯವಾಗಿತ್ತು. ಆ ತಂಡ 1985ರಲ್ಲೇ ಒಮ್ಮೆ ಶಿಕ್ಷೆಗೆ ಒಳಗಾಗಿತ್ತು. ಆಮೇಲೂ ಹಣ ನಿಲ್ಲಲಿಲ್ಲ. 1987ರ ಫೆಬ್ರುವರಿಯಲ್ಲಿ ಎನ್‌ಸಿಎಎ ಆ ವರ್ಷದ ಆಟವನ್ನೇ ರದ್ದುಮಾಡಿತು. 1988ರಲ್ಲಿ ವಿಶ್ವವಿದ್ಯಾನಿಲಯ ತಾನೇ ತಂಡವನ್ನು ಇಳಿಸಲಿಲ್ಲ. ಅಲ್ಲಿನವರು ಇದನ್ನು ‘ಮರಣದಂಡನೆ’ ಎಂದೇ ಕರೆಯುತ್ತಾರೆ.

ಪಾಠದಲ್ಲಿ ಬಾರದ ಸಂಗತಿ ಮುಂದಿದೆ. 1987ರ ಮಾರ್ಚ್‌ನಲ್ಲಿ ಟೆಕ್ಸಾಸ್ ರಾಜ್ಯಪಾಲ ಬಿಲ್ ಕ್ಲೆಮೆಂಟ್ಸ್, ಹಿಂದೆ ತಾವು ಆ ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದಾಗ ಈ ಪಾವತಿ ಮುಂದುವರಿಯಲು ತಾವೇ ಒಪ್ಪಿದ್ದಾಗಿ ಹೇಳಿದರು. ಮಾತು ಕೊಟ್ಟಿದ್ದ ಹುಡುಗರು ಓದು ಮುಗಿಸುವವರೆಗೆ ಕೊಟ್ಟು, ಮೆಲ್ಲಗೆ ನಿಲ್ಲಿಸುವುದು ಅವರ ಯೋಚನೆ. ಅಂದರೆ ನಿಯಮ ಮುರಿಯುವ ತೀರ್ಮಾನ ಆದದ್ದು ಹಿರಿಯರ ಕೋಣೆಯಲ್ಲಿ. ಮೈದಾನ ಕಳೆದುಕೊಂಡವರಲ್ಲಿ ಒಂದು ಡಾಲರನ್ನೂ ಮುಟ್ಟದ ಹುಡುಗರೂ ಇದ್ದರು.

ಇಂಥದ್ದೇ ಇನ್ನೊಂದು ಪ್ರಕರಣ ರೆಜಿ ಬುಷ್ ಅವರದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಈ ಆಟಗಾರ 2005ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಪಡೆದರು. ಮುಂದೆ ಅವರ ಏಜೆಂಟರಾಗಲು ಬಯಸಿದವರು ಅವರ ಹೆತ್ತವರಿಗೆ ಮನೆ ಮುಂತಾದ ಸೌಲಭ್ಯ ಕೊಟ್ಟಿದ್ದರು ಎಂದು 2010ರಲ್ಲಿ ಎನ್‌ಸಿಎಎ ತೀರ್ಮಾನಿಸಿತು. ಬುಷ್ ಟ್ರೋಫಿ ಬಿಟ್ಟುಕೊಟ್ಟರು. ಆಗ ತಂಡದಲ್ಲಿದ್ದ ಹೊಸ ಹುಡುಗರಿಗೆ ಎರಡು ವರ್ಷ ಋತುವಿನ ಕೊನೆಯ ದೊಡ್ಡ ಪಂದ್ಯಗಳು ತಪ್ಪಿದವು. ಅಷ್ಟರಲ್ಲಿ ಬುಷ್ ಆಗಲೇ ವೃತ್ತಿಪರ ಆಟಗಾರ, ಅವರ ತರಬೇತುದಾರರೂ ವೃತ್ತಿಪರ ತಂಡವೊಂದಕ್ಕೆ ಹೋಗಿಯಾಗಿತ್ತು.

ಆಮೇಲೆ ನಿಯಮವೇ ಬದಲಾಯಿತು. ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿ ಕಾನೂನುಬಾಹಿರ ಎಂದು 2021ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಹೇಳಿತು. ಮುಂದಿನ ತಿಂಗಳಿಂದಲೇ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಗಳಿಸಬಹುದಾಯಿತು. 2024ರಲ್ಲಿ ಬುಷ್ ಅವರ ಟ್ರೋಫಿ ಮರಳಿ ಬಂತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ಪ್ರಕಾರ ವಿಶ್ವವಿದ್ಯಾನಿಲಯಗಳೇ ನೇರವಾಗಿ ಆಟಗಾರರಿಗೆ ಹಣ ಹಂಚಬಹುದು. ಮೊದಲ ವರ್ಷಕ್ಕೆ ಒಂದು ಸಂಸ್ಥೆಯ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಹಿಂದೆ 61,000 ಡಾಲರಿಗೆ ತಂಡವೊಂದು ‘ಮರಣದಂಡನೆ’ ಪಡೆದಿತ್ತು. ಆ ಹುಡುಗಿಯ ಪ್ರಶ್ನೆ ಕಡೆಗೂ ನ್ಯಾಯಾಲಯದ ತನಕ ಹೋಗಿ ಉತ್ತರ ಪಡೆಯಿತು ಎನ್ನಬೇಕು.

ಹಾಗಾದರೆ ಇಲ್ಲಿ ತಪ್ಪೇ ನಡೆದಿರಲಿಲ್ಲವೇ? ನಡೆದಿತ್ತು. ಸುಳ್ಳು ಹೇಳಿದ್ದು, ಮುಚ್ಚಿಟ್ಟದ್ದು ತಪ್ಪೇ. ಆದರೆ ಶಿಕ್ಷಕರಾದ ನಮಗೆ ಹಣಕ್ಕಿಂತ ಹೆಚ್ಚು ತಟ್ಟಬೇಕಾದ ಪ್ರಕರಣ ಬೇರೆಯೇ ಇದೆ.

ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ಒಂದು ವಿಭಾಗದಲ್ಲಿ 1993ರಿಂದ 2011ರವರೆಗೆ ಹೆಸರಿಗಷ್ಟೇ ತರಗತಿಗಳಿದ್ದವು. ಪಾಠವಿಲ್ಲ, ಹಾಜರಿಯಿಲ್ಲ, ಅಧ್ಯಾಪಕರ ಮುಖ ನೋಡುವ ಅಗತ್ಯವಿಲ್ಲ. ಕೊನೆಗೆ ಒಂದು ಪ್ರಬಂಧ ಒಪ್ಪಿಸಿದರೆ ಸಾಕು. ಅದಕ್ಕೆ ಶ್ರೇಣಿ ಹಾಕುತ್ತಿದ್ದವರು ಬಹುತೇಕ ವಿಭಾಗದ ಕಚೇರಿ ಸಿಬ್ಬಂದಿ. 2014ರ ತನಿಖಾ ವರದಿಯ ಪ್ರಕಾರ ಇಂಥ ತರಗತಿಗಳಲ್ಲಿದ್ದವರು 3,100ಕ್ಕೂ ಹೆಚ್ಚು, ದಾಖಲಾತಿಯ ಅರ್ಧದಷ್ಟು ಕ್ರೀಡಾಪಟುಗಳದು. ಆ ಸಿಬ್ಬಂದಿ ನಿವೃತ್ತರಾದಾಗ ಫುಟ್‌ಬಾಲ್ ತಂಡದ ಶೈಕ್ಷಣಿಕ ಸಲಹೆಗಾರರು ತರಬೇತುದಾರರ ಸಭೆ ಕರೆದು, ಹುಡುಗರು ತರಗತಿಗೆ ಹೋಗದೆ, ಟಿಪ್ಪಣಿ ಬರೆಯದೆ ಪಾಸಾಗುವ ದಾರಿ ಇನ್ನಿಲ್ಲ ಎಂದು ಎಚ್ಚರಿಸಿದ್ದರು. ಮಾನ್ಯತಾ ಸಂಸ್ಥೆ ವಿಶ್ವವಿದ್ಯಾನಿಲಯವನ್ನು ಒಂದು ವರ್ಷ ನಿಗಾದಲ್ಲಿಟ್ಟಿತು. ಎನ್‌ಸಿಎಎ ಮಾತ್ರ 2017ರಲ್ಲಿ, ಆ ತರಗತಿಗಳು ಇತರ ವಿದ್ಯಾರ್ಥಿಗಳಿಗೂ ತೆರೆದಿದ್ದವು, ಆದ್ದರಿಂದ ನಿಯಮಭಂಗ ಎನ್ನಲು ಆಗದು ಎಂದಿತು. ಯಾವ ತಂಡಕ್ಕೂ ಶಿಕ್ಷೆಯಾಗಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹುಡುಗನಿಗೆ ಹಣ ಕೊಟ್ಟರೆ ತಂಡವೇ ಇಲ್ಲ. ಅವನಿಗೆ ವಿದ್ಯೆ ಕೊಡದಿದ್ದರೆ ಏನೂ ಇಲ್ಲ! ಆಟಗಾರನಿಗೆ ಸಂಬಳದ ಬದಲು ಸಿಗುವುದು ವಿದ್ಯೆ ಎಂದು ದಶಕಗಳ ಕಾಲ ಹೇಳಿದ್ದರು. ಅವನನ್ನು ‘ವಿದ್ಯಾರ್ಥಿ-ಕ್ರೀಡಾಪಟು’ ಎಂದು ಕರೆದದ್ದೂ ಅದಕ್ಕೇ. ಆಟಗಾರರನ್ನು ನೌಕರರೆಂದು ಪರಿಗಣಿಸಿದರೆ ಪರಿಹಾರ ಕೊಡಬೇಕಾದೀತೆಂಬ ಅಂಜಿಕೆಯಿಂದ 1950ರ ದಶಕದಲ್ಲಿ ಈ ಪದವನ್ನು ರೂಢಿಗೆ ತಂದೆವೆಂದು ಎನ್‌ಸಿಎಎಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ ವಾಲ್ಟರ್ ಬೈಯರ್ಸ್ ಅವರೇ ಬರೆದಿದ್ದಾರೆ. ವಿದ್ಯೆಯೇ ಸಂಬಳವಾದರೆ, ನನ್ನ ದೃಷ್ಟಿಯಲ್ಲಿ ದೊಡ್ಡ ಅಕ್ರಮ ಆ ಸಂಬಳವನ್ನು ಕೊಡದೆ ಕೊಟ್ಟಂತೆ ಲೆಕ್ಕ ತೋರಿಸಿದ್ದು.

ಆ ಕಚೇರಿ ಸಿಬ್ಬಂದಿ ಲಂಚಕ್ಕಾಗಿ ಹಾಗೆ ಮಾಡಿದವರಲ್ಲ. ಓದಿನಲ್ಲಿ ಹಿಂದಿದ್ದವರ ಮೇಲಿನ ಕನಿಕರದಿಂದ ಮಾಡಿದರೆಂದು ಅದೇ ವರದಿ ಹೇಳುತ್ತದೆ. ಅದನ್ನು ಓದಿದಾಗ ನನಗೆ ನನ್ನದೇ ಸಹಿ ನೆನಪಾಯಿತು.

ಕೆಲವು ವರ್ಷಗಳ ಹಿಂದೆ, ನಾನು ಆಗ ಇದ್ದ ಕಾಲೇಜಿನಲ್ಲಿ ಒಳ್ಳೆಯ ಕಬಡ್ಡಿ ಆಟಗಾರನೊಬ್ಬ ಪ್ರಶಿಕ್ಷಣಾರ್ಥಿಯಾಗಿದ್ದ. ಪಂದ್ಯಗಳು ಬೋಧನಾಭ್ಯಾಸದ ದಿನಗಳಲ್ಲೇ ಬಂದವು. ಆರು ಪಾಠಗಳು ಬಾಕಿ ಉಳಿದವು. “ಪಾಪ, ಕಾಲೇಜಿಗೆ ಹೆಸರು ತರೋ ಹುಡುಗ” ಎಂದು ಎಲ್ಲರೂ ಅಂದೆವು. ಅವನು ಪಾಠ ಯೋಜನೆಗಳನ್ನು ಬರೆದು ತಂದ, ಮಾಡದ ಪಾಠಗಳ ವೀಕ್ಷಣಾ ಹಾಳೆಗಳನ್ನು ನಾನು ತುಂಬಿದೆ. ಅವನು ಗೆದ್ದುತಂದ ಷೀಲ್ಡ್ ಪ್ರಾಚಾರ್ಯರ ಕೋಣೆಯಲ್ಲಿ ಕೂತಿತು. ಕೆಲಸಕ್ಕೆ ಸೇರಿದ ಮೂರನೆಯ ತಿಂಗಳು ಅವನು ನನ್ನನ್ನು ಹುಡುಕಿಕೊಂಡು ಬಂದ. “ಸಾರ್, ಇಪ್ಪತ್ತೇ ನಿಮಿಷಕ್ಕೆ ಪಾಠ ಮುಗಿದುಹೋಗುತ್ತೆ. ಆಮೇಲೆ ಮಕ್ಕಳ ಮುಂದೆ ಏನು ಮಾಡ್ಬೇಕೋ ತಿಳಿಯಲ್ಲ” ಎಂದ. ಆ ಆರು ಪಾಠಗಳಲ್ಲಿ ಅವನು ಕಲಿಯಬೇಕಾಗಿದ್ದದ್ದು ಅದನ್ನೇ. ನಾವು ತೋರಿದ ಕನಿಕರದ ಬೆಲೆಯನ್ನು ಅವನೂ ಅವನ ತರಗತಿಯ ಮಕ್ಕಳೂ ತೆತ್ತರು. ಷೀಲ್ಡ್ ನಮ್ಮ ಬಳಿ ಉಳಿಯಿತು.

ಆಟ ಆಡುವ ಪ್ರಶಿಕ್ಷಣಾರ್ಥಿಗೆ ರಿಯಾಯಿತಿ ಬೇಡವೆಂದು ನಾನು ಹೇಳುತ್ತಿಲ್ಲ. ಪಂದ್ಯ ಮುಗಿದ ಮೇಲೆ ಬೇರೆ ದಿನ ಕೊಡೋಣ, ಶಾಲೆಯವರನ್ನು ಕೇಳಿಕೊಂಡು ಇನ್ನೊಂದು ವಾರ ತರಗತಿ ಕೊಡಿಸೋಣ, ಮೇಲ್ವಿಚಾರಕರು ಆ ದಿನಗಳಲ್ಲೂ ಹೋಗಿ ಕೂರೋಣ. ಸಮಯ ಕೊಡುವುದು ರಿಯಾಯಿತಿ. ಪಾಠವನ್ನೇ ಬಿಟ್ಟುಕೊಡುವುದು ಅವನ ಪಾಲನ್ನು ಕಿತ್ತುಕೊಂಡ ಹಾಗೆ.

ಇನ್ನು ಇಂಥ ಪ್ರಕರಣವನ್ನು ತರಗತಿಗೆ ಒಯ್ಯುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ‘ನಿಯಮ ಮುರಿದವರು ಯಾರು?’ ಎಂಬಲ್ಲಿಗೆ ಪಾಠ ನಿಲ್ಲಿಸಬೇಡಿ. ಈ ನಿಯಮ ಮಾಡಿದವರು ಯಾರು, ಅದರಿಂದ ಲಾಭ ಯಾರಿಗೆ, ಮುರಿದಾಗ ಶಿಕ್ಷೆ ಅನುಭವಿಸಿದವರು ಯಾರು ಎಂದು ಮಕ್ಕಳನ್ನೇ ಕೇಳಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದು ಭಾರವಾಗುವುದಿಲ್ಲ. ಒಬ್ಬಳು ಆಗಲೇ ಕೇಳಿದ್ದಾಳೆ.

ಆ ಪ್ರಶಿಕ್ಷಣಾರ್ಥಿಯ ಪುಸ್ತಕವನ್ನು ಮತ್ತೆ ತರಿಸಿಕೊಂಡು ನನ್ನ ಹಳೆಯ ಷರಾದ ಕೆಳಗೆ ಹೀಗೆ ಬರೆದಿದ್ದೇನೆ: ‘ವಿದ್ಯಾರ್ಥಿನಿಯ ಪ್ರಶ್ನೆಯಿಂದ ಪಾಠ ಮುಂದುವರಿಯಬೇಕಿತ್ತು. ವೀಕ್ಷಕರೂ ಇದನ್ನು ಗಮನಿಸಲಿಲ್ಲ. ಅದೇ ತರಗತಿಗೆ ಇನ್ನೊಮ್ಮೆ ಪಾಠ ಮಾಡಿ, ನಾನೂ ಬರುತ್ತೇನೆ.’